ಬಿಳಿ ಬಟ್ಟೆಯ ಗಂಟು

"ಪೂರ್ತಿ ಇದೆ ತಾನೆ, ಮಗಳೇ? ನಮ್ಮಮ್ಮನ ಗೋರಿ ಪಕ್ಕ ಗುಂಡಿ ತೋಡ್ಸಿದೀನಿ. ಅರ್ಧಂಬರ್ಧ ಹೂತ್ರೆ ಅವಳು ಬೈತಾಳೆ."

"ಪೂರ್ತಿ ಇದೆ" ಎಂದಳು ಡಾಕ್ಟರ್ ಎಮ್ನಾ. ಕಳೆದ ತಿಂಗಳು ತಾನೇ ಕತ್ತರಿಸಿ ತೆಗೆದ ಮುದುಕಿ ಮಬ್ರೂಕಾಳ ಮೊಲೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಮೈಯಿಂದ ಬೇರೆಯಾದದ್ದನ್ನೂ ಮಣ್ಣು ಮಾಡಲೇಬೇಕೆಂಬುದು ಸ್ಫಾಕ್ಸ್ ಊರಿನ ಅವಳ ಮನೆತನದ ರೂಢಿ. ಮುದುಕಿ ಗಂಟನ್ನು ಎದೆಗೊತ್ತಿಕೊಳ್ಳಲು ಹೋಗಿ, ಅಲ್ಲೀಗ ಬರೀ ಹೊಲಿಗೆಯೆಂದು ನೆನಪಾಗಿ, ಕಂಕುಳಿಗೆ ಸರಿಸಿದಳು.

"ಅಬ್ಬ! ಇನ್ನು ಈ ಮುಂಡೇದು ಮಣ್ಣು ಬಿಟ್ಟು ಎಲ್ಲಿಗೂ ಹೋಗಲ್ಲ."

ಗೋಡೆಯಾಚೆಯ ಪ್ರಯೋಗಾಲಯದಲ್ಲಿ ಆ ಮೊಲೆಯೊಳಗಿದ್ದ ಕ್ಯಾನ್ಸರ್ ಗಡ್ಡೆಯದೇ ಚೂರೊಂದು ಬೆಚ್ಚಗೆ ಬದುಕಿತ್ತು. ಗಡ್ಡೆ ಮೈತುಂಬ ಹೇಗೆ ಹರಡುತ್ತದೆಂದು ತಿಳಿಯಲು ಎಮ್ನಾ ಅದನ್ನು ಹೇಳದೆ ಕೇಳದೆ ತೆಗೆದಿಟ್ಟುಕೊಂಡಿದ್ದಳು. ದಿನಾ ಬೆಳಗ್ಗೆ ಅದಕ್ಕೆ ಪೋಷಕ ದ್ರವ ಹಾಕಿ ಕೈಯಾರೆ ಉಣಿಸುತ್ತಿದ್ದಳು. ಮಬ್ರೂಕಾ ಬಾಗಿಲು ದಾಟುವಷ್ಟರಲ್ಲಿ ಎಮ್ನಾಳಿಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮಾ, ನಿಲ್ಲಿ" ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಮಬ್ರೂಕಾ ಬೈಯಲಿಲ್ಲ. "ಅದಕ್ಕಿನ್ನೂ ಜೀವ ಇದೆಯಾ?" ಎಂದಳು.

ಎಮ್ನಾ ಹೌದೆಂದು ತಲೆಯಾಡಿಸಿದಳು.

ಮುದುಕಿ ಗಂಟನ್ನು ತಂದು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಅದನ್ನ ಕೊಲ್ಲೋದು ಕಲ್ತ್ಕೊಂಡು ನನ್ನ ಕರಿ. ಅಲ್ಲೀವರ್ಗೂ ಗುಂಡಿ ಮುಚ್ಚಿಸಲ್ಲ."