ಪಾಳಿಯಿಂದ ತೆಗೆಸದ ಹಲ್ಲು

ಕೆಲಸಕ್ಕೆ ಸೇರಿದ ದಿನ ಎಲ್ಲರಿಗೂ ಮಾಡುವಂತೆ ನನ್ನ ದವಡೆ ಹಲ್ಲಿಗೂ ಕಂಪನಿಯ ಒಂದು ಸರ್ವರ್ ಜೋಡಿಸಿ, ಹಲ್ಲನ್ನು ಅದರ ಕಾವಲಿನ ಪಾಳಿಗೆ ಹಾಕಿದ್ದರು. ಅದು ಕೆಟ್ಟು ನಿಂತರೆ ಹಲ್ಲು ನೋಯುತ್ತದೆ. ಸರಿಮಾಡಿದ ಕ್ಷಣ ನೋವು ನಿಲ್ಲುತ್ತದೆ. ಹದಿನಾರು ವರ್ಷ ಈ ನೋವಿಗೆ ಎದ್ದು ಓಡಿದ್ದೇನೆ, ಮಗಳ ನಾಮಕರಣದ ಮಣೆಯಿಂದಲೂ.

ಹೋದ ವರ್ಷ ಕಂಪನಿ ಮುಚ್ಚಿತು. ಕೊನೆಯ ದಿನ ಲ್ಯಾಪ್‌ಟಾಪ್ ಕೊಟ್ಟೆ, ಗುರುತಿನ ಚೀಟಿ ಕೊಟ್ಟೆ, ಕ್ಯಾಂಟೀನಿನ ಕಾರ್ಡನ್ನೂ ಕೊಟ್ಟೆ. ಹಲ್ಲನ್ನು ಪಾಳಿಯಿಂದ ತೆಗೆಸುವುದನ್ನು ಮರೆತೆ. ಆ ಸರ್ವರ್ ಈಗ ಎಲ್ಲಿದೆಯೋ, ಯಾರಿಗಾಗಿ ಓಡುತ್ತಿತ್ತೋ ಗೊತ್ತಿಲ್ಲ. ಮಂಗಳವಾರದಿಂದ ಕೆಟ್ಟು ನಿಂತಿದೆ ಎಂಬುದಷ್ಟೇ ಗೊತ್ತು.

"ಹಲ್ಲು ಕಲ್ಲಿನ ಹಾಗಿದೆ ಮೇಡಂ," ಎಂದರು ದಂತವೈದ್ಯ ಚಂದ್ರಮೌಳಿ, ಎಕ್ಸ್‌ರೇ ನೋಡುತ್ತಾ. "ನೀವೇ ಲಾಗಿನ್ ಆಗಿ ಸರಿಮಾಡ್ಕೋಬಾರ್ದಾ?"

"ನನ್ನ ಲಾಗಿನ್ ತೆಗೆದುಬಿಟ್ಟಿದ್ದಾರೆ ಡಾಕ್ಟ್ರೇ. ಫೋನ್ ಮಾಡೋಣ ಅಂದ್ರೆ ಎತ್ತೋರೇ ಇಲ್ಲ."

"ಕೆಲಸ ಬಿಡೋಕೆ ಮುಂಚೆ ಹಲ್ಲು ಬಿಡಿಸ್ಕೋಬೇಕಿತ್ತು. ಎಲ್ಲರಿಗೂ ಇದನ್ನೇ ಹೇಳ್ತೀನಿ, ಎಲ್ಲರೂ ಮರೆತೇ ಬರ್ತಾರೆ."

ನನಗೆ ರೇಗಿತು. "ಬುದ್ಧಿ ಆಮೇಲೆ ಹೇಳಿ. ಮೊದಲು ಇದನ್ನ ಕಿತ್ತುಹಾಕಿ."

"ಕಿತ್ತರೆ ನೋವು ಪಕ್ಕದ ಹಲ್ಲಿಗೆ ಹೋಗತ್ತೆ."

"ಹಾಗಾದ್ರೆ ಎಲ್ಲಾ ಕೀಳಿ!"

ಅವರು ಇಕ್ಕಳವನ್ನು ಮುಟ್ಟಲಿಲ್ಲ. ಕೈಗವಸು ಬಿಚ್ಚಿ ಪಕ್ಕದಲ್ಲಿ ಕೂತರು.

"ಹೋದ ತಿಂಗಳು ಒಬ್ಬರು ಮೂವತ್ತೆರಡೂ ಕೀಳಿಸ್ಕೊಂಡು ಹಲ್ಲುಸೆಟ್ಟು ಹಾಕಿಸ್ಕೊಂಡ್ರು."

"ನೋವು ಹೋಯ್ತಾ?"

"ಇಲ್ಲ ಮೇಡಂ. ಸೆಟ್ಟನ್ನ ಬಿಚ್ಚಿ ಲೋಟದ ನೀರಲ್ಲಿ ಇಟ್ರೂ, ಅದು ಅಲ್ಲೇ ನೋಯತ್ತಂತೆ."