ಕೋಟಿನ ಎರಡನೇ ಗುಂಡಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಗಂಡನ ಅಂಗಿಯನ್ನು ಬಕೆಟ್ಟಿಗೆ ಹಾಕುವ ಮುನ್ನ ರೂಢಿಯಂತೆ ಜೇಬು ತಡವಿದಳು. ಅವನ ಜೇಬೆಂದರೆ ಅರ್ಧ ಅಂಗಡಿ. ಈ ಸಲ ಸಿಕ್ಕಿದ್ದು ಒಂದು ಗುಂಡಿ ಮಾತ್ರ. ಕೋಟಿನದು, ಮರದ್ದು, ಕಂದು ಬಣ್ಣದ್ದು. ಬೆಳಕಿಗೆ ಓರೆಯಾಗಿ ಹಿಡಿದಾಗ ಅದರ ಮೇಲೊಂದು ಬಣ್ಣದ ಬೊಟ್ಟು ಕಂಡಿತು. ಬೊಟ್ಟಿನಲ್ಲಿ ಅವನ ಬೆರಳಿನ ಗೆರೆಗಳಿದ್ದವು. ಅಂಗಿ ನೆನೆಹಾಕುವುದನ್ನು ಬಿಟ್ಟು ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಅವನದು ಆಸ್ಪತ್ರೆಯಲ್ಲಿ ಹಚ್ಚೆ ಹಾಕುವ ಕೆಲಸ. ಕ್ಯಾನ್ಸರ್ ಬಂದು ಎದೆ ತೆಗೆಸಿಕೊಂಡ ಹೆಂಗಸರಿಗೆ ಡಾಕ್ಟರು ಹೊಸ ಎದೆ ಕಟ್ಟುತ್ತಿದ್ದರು. ಅದರ ಮೇಲೆ ತೊಟ್ಟು, ತೊಟ್ಟಿನ ಸುತ್ತಲಿನ ಕಂದು ವರ್ತುಲ ಬರೆಯುವುದು ಇವನ ಪಾಲು. "ಡಾಕ್ಟ್ರು ಮುಖ ಮಾಡ್ತಾರೆ ಕಣೇ, ಕಣ್ಣು ಬರೆಯೋನು ನಾನು" ಎಂದು ಜಂಬ ಕೊಚ್ಚುತ್ತಿದ್ದ. ಒಂದು ಕಡೆ ಉಳಿದಿದ್ದರೆ ಅದನ್ನೇ ನೋಡಿ ಬಣ್ಣ ಕಲಸುತ್ತಿದ್ದ. ಎರಡೂ ಹೋಗಿದ್ದರೆ, "ಮನೇಲಿ ಆ ಬಣ್ಣದ್ದು ಏನಾದ್ರೂ ಇದ್ರೆ ತನ್ನಿ, ಕೆಲಸ ಮುಗಿದ್ಮೇಲೆ ವಾಪಸ್ ಕೊಡ್ತೀನಿ" ಎನ್ನುತ್ತಿದ್ದ. ಸೌಟಿನ ಹಿಡಿ, ಹೆಂಚಿನ ಚೂರು, ಏನೇನೋ ಬರುತ್ತಿದ್ದವು. ಕಲಸಿದ ಬಣ್ಣವನ್ನು ಅದರ ಮೇಲೆ ಒಂದು ಬೊಟ್ಟು ಇಟ್ಟು ನೋಡುವನು. ಬೊಟ್ಟು ಕಣ್ಣಿಗೆ ಬೀಳದಿದ್ದರೆ ಬಣ್ಣ ಕೂಡಿತು.

ಗುಂಡಿ ಯಾರದೆಂದು ಅವಳಿಗೆ ಗೊತ್ತಿತ್ತು. ಕೊನೆಯ ಸಂಜೆ ಅವನು ನಕ್ಕು ನಕ್ಕು ಹೇಳಿದ ಕಥೆ ಅದೇ. ಗಡಿಯಾರ ರಿಪೇರಿಯ ಅಜ್ಜನ ಹೆಂಡತಿ ಒಂದು ಖರ್ಜೂರ ತಂದಿದ್ದಳಂತೆ. "ಇದಲ್ಲ, ಇಷ್ಟು ಕಪ್ಪಿರಲಿಲ್ಲ" ಎಂದು ಅಜ್ಜ ತಕರಾರು ತೆಗೆದನಂತೆ. "ನನ್ನ ಮೈ ನನಗೆ ಗೊತ್ತಿಲ್ವಾ?" ಎಂದು ಅಜ್ಜಿ. "ನೀನ್ಯಾವತ್ತು ನೋಡ್ಕೊಂಡಿದ್ದೀಯ? ನೋಡಿದೋನು ನಾನು!" ಎಂದವನೇ ಅಜ್ಜ, ತೊಟ್ಟಿದ್ದ ಕೋಟಿನಲ್ಲಿ ಎಲ್ಲಕ್ಕಿಂತ ಸವೆದು ತಿಳಿಯಾಗಿದ್ದ ಎರಡನೇ ಗುಂಡಿಯನ್ನು ಕಿತ್ತು ಮೇಜಿನ ಮೇಲಿಟ್ಟನಂತೆ. ಕೆಲಸ ಮುಗಿಯಿತು, ಗುಂಡಿ ವಾಪಸ್ ಕೊಡುವುದು ಮರೆತುಹೋಯಿತು. ಆ ರಾತ್ರಿ ಮಲಗಿದವನು ಮತ್ತೆ ಏಳಲಿಲ್ಲ.

ಮಧ್ಯಾಹ್ನ ಗುಂಡಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಹೊರಟಳು. ಗೂಡಿನಂಥ ಅಂಗಡಿ, ಹಿಂದೆ ಮನೆ. ಅಜ್ಜ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಡಿಯಾರವೊಂದರ ಹೊಟ್ಟೆ ಬಗೆಯುತ್ತಿದ್ದ. ಕೋಟಿನ ಎರಡನೇ ಗುಂಡಿಯ ಜಾಗದಲ್ಲಿ ಪಿನ್ನು. ಅವಳನ್ನು ಕಂಡು ಗಾಜು ತೆಗೆದ. ಹೆಣದ ಹಿಂದೆ ಮಸಣದವರೆಗೂ ಬಂದಿದ್ದವನು. "ಏ ಇವಳೇ, ಯಾರು ಬಂದಿದ್ದಾರೆ ನೋಡು" ಎಂದು ಒಳಗೆ ಕೂಗಿದ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದಳು. "ಬಾ ಮಗಳೇ. ನೋಡು ಇವರ ಅವತಾರಾನ. ಬೇರೆ ಗುಂಡಿ ಹಾಕ್ತೀನಿ ಅಂದ್ರೆ ಬಿಡಲ್ಲ. ಅದು ಡ್ಯೂಟಿ ಮೇಲೆ ಹೋಗಿದೆ, ಬರುತ್ತೆ ಅಂತಾರೆ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೇ ಬೇರೆ, ಬಾಯಿಗೆ ಬಂದದ್ದೇ ಬೇರೆ. "ಗುಂಡಿ ಸಿಗಲಿಲ್ಲ ಅಜ್ಜಿ. ಎಲ್ಲಾ ಕಡೆ ಹುಡುಕಿದೆ." ಚೀಲದ ಮರೆಯಲ್ಲಿ ಮುಷ್ಟಿ ಇನ್ನಷ್ಟು ಬಿಗಿಯಿತು. ಕೊಟ್ಟುಬಿಟ್ಟರೆ ಆ ಬೆರಳಿನ ಗೆರೆ ಇನ್ನೆಲ್ಲಿ ಸಿಗಬೇಕು?

"ಹೋಗ್ಲಿ ಬಿಡು ತಾಯಿ. ಒಂದು ಗುಂಡಿ ಏನು ಮಹಾ" ಎಂದ ಅಜ್ಜ. ಆದರೆ ಕೈ ಒಮ್ಮೆ ಪಿನ್ನನ್ನು ಮುಟ್ಟಿ ನೋಡಿಕೊಂಡಿತು.

ಅಜ್ಜಿ ಅವಳ ತೋಳು ಹಿಡಿದು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. "ನಾಚ್ಕೋಬೇಡ. ನಾಚ್ಕೋಬೇಕಾದೋಳು ನಾನು" ಎನ್ನುತ್ತ ರವಿಕೆ ಬಿಚ್ಚಿದಳು. "ಹಕ್ಕಳೆ ಉದುರಿ ಬಣ್ಣ ನಿಂತಿದ್ದು ಮೊನ್ನೆ. ನಿನ್ನ ಗಂಡ ತನ್ನ ಕೆಲಸಾನ ಪೂರ್ತಿ ನೋಡ್ಲೇ ಇಲ್ಲ. ಅವನ ಪರವಾಗಿ ನೀನು ನೋಡು."

ಅವಳು ನೋಡಿದಳು. ಹೊಲಿಗೆಯ ಗೀರುಗಳ ನಡುವೆ ಎರಡು ಕಂದು ವರ್ತುಲಗಳು. ಅಂಚಿನಲ್ಲಿ ಕಂಡೂ ಕಾಣದಂಥ, ಸಣ್ಣ ಸಣ್ಣ ಕಾಳಿನ ಹಾಗಿರುವ ಚುಕ್ಕಿಗಳು. ಮುಟ್ಟಿದರೆ ಮಟ್ಟಸವಿರುವ ತೊಟ್ಟು, ನೋಡುವ ಕಣ್ಣಿಗೆ ಉಬ್ಬು. ಎಡಗಡೆಯದು ಕೂದಲೆಳೆಯಷ್ಟು ದೊಡ್ಡದು. ಬಳೆ ಇಟ್ಟು ಗೀಚಿದ ಹಾಗಿರಬಾರದು, ಅಂಚು ಸ್ವಲ್ಪ ಸೊಟ್ಟ ಇದ್ದರೇ ಜೀವ ಎನ್ನುತ್ತಿದ್ದ ಗಂಡ. ಅಜ್ಜಿ ಉಸಿರೆಳೆದಾಗ ಅವನ ಕೈಕೆಲಸ ಮೇಲೆದ್ದಿತು, ಉಸಿರು ಬಿಟ್ಟಾಗ ಇಳಿಯಿತು.

"ಚೆನ್ನಾಗಿದ್ಯಾ?" ಅಜ್ಜಿಯ ದನಿ ಹೊಸ ಬಟ್ಟೆ ತೊಟ್ಟ ಹುಡುಗಿಯದು.

"ಅಜ್ಜ ಏನಂದ್ರು?"

"ಅವರಾ? ಆ ಗಾಜು ಸಿಕ್ಕಿಸ್ಕೊಂಡು ನೋಡಿದ್ರು ಪುಣ್ಯಾತ್ಮ, ನಾನೇನೋ ಕೆಟ್ಟುಹೋದ ವಾಚು ಅನ್ನೋ ಹಾಗೆ! ಆಮೇಲೆ ಸುಮ್ನೆ ಗಾಜು ಒರೆಸ್ಕೊಂಡು ಕೂತ್ರು."

ಅವಳಿಗೆ ನಗು ಬಂತು. ಇಷ್ಟು ದಿನ ಕಲ್ಲಾಗಿದ್ದ ಕಣ್ಣಿನಲ್ಲಿ, ನಗುವಿನ ಬೆನ್ನಿಗೇ, ನೀರೂ ಬಂತು. ಅಜ್ಜಿ ಹಾಗೇ ಅವಳನ್ನು ಎದೆಗೊತ್ತಿಕೊಂಡಳು.

ಹೊರಗೆ ಬಂದು ಅವಳು ಅಜ್ಜನ ಮೇಜಿನ ಮೇಲೆ, ಹಲ್ಲುಚಕ್ರಗಳ ನಡುವೆ, ಗುಂಡಿಯನ್ನು ಇಟ್ಟಳು.

"ಸಿಕ್ತು" ಎಂದಳು.

ಅಜ್ಜ ಪಿನ್ನು ಬಿಚ್ಚಿ ಎದೆಯುಬ್ಬಿಸಿ ನಿಂತ. ಅಜ್ಜಿ ಸೂಜಿಗೆ ದಾರ ಪೋಣಿಸತೊಡಗಿದಳು. ಗುಂಡಿ ತಂದವಳು ತನ್ನ ಖಾಲಿ ಅಂಗೈ ತಿರುಗಿಸಿ ನೋಡಿಕೊಂಡಳು. ಗುಂಡಿ ಒತ್ತಿದ ಗುರುತು ಅಲ್ಲಿ ಇನ್ನೂ ಇತ್ತು: ದುಂಡಗೆ, ಕೆಂಪಗೆ, ಅಂಚು ಸ್ವಲ್ಪ ಸೊಟ್ಟ.