ಔಡಲದ ಗಿಡದ ಪತಂಗ

ಔಡಲದ ಎಲೆ ಹಿಸುಕಿದ ವಾಸನೆ ಬಂದರೆ ಈಗಲೂ ನನ್ನ ಕೈ ದಾರದ ಉಂಡೆ ಹುಡುಕುತ್ತದೆ.

ಔರಂಗಾಬಾದಿನ ನಮ್ಮ ಮನೆಗೆ ಬೀದರಿನಿಂದ ಸೋದರಮಾವ ಬಂದಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಒಂದು ಮಧ್ಯಾಹ್ನ ಹಿತ್ತಲಿನಿಂದ, "ಬಾರವ್ವ, ಪತಂಗ ತೋರಿಸ್ತೀನಿ" ಎಂದು ಕರೆದರು. ಓಣಿಯ ಮರಾಠಿ ಮಕ್ಕಳ ಜೊತೆ ಬೆಳೆದ ನನಗೆ ಪತಂಗವೆಂದರೆ ಗಾಳಿಪಟ ಒಂದೇ. ಮಾಂಜಾ ದಾರದ ಉಂಡೆ ಹಿಡಿದು ಓಡಿದೆ.

ಅವ್ವ ಹಣೆ ಬಡಿದುಕೊಂಡಳು. "ಪತಂಗ ಅಂದ್ರ ಹುಳಾ. ನಮ್ಮ ಮಾತು ಇಷ್ಟೂ ಬರೂದಿಲ್ಲೇನು ನಿನಗ?"

ನನ್ನ ಕಣ್ಣು ತುಂಬಿತು.

"ಇರ್ಲಿ ಬಿಡಕ್ಕ, ಎರಡೂ ಹಾರ್ತಾವ," ಎಂದರು ಮಾಮಾ. "ದಾರ ಕೊಡವ್ವ, ಅದೇ ಬೇಕಾಗಿತ್ತು."

ಔಡಲದ ದಂಟಿಗೆ ಪತಂಗದ ಮೂರು ಮರಿಹುಳುಗಳು ಒಣಕಡ್ಡಿಯಂತೆ ಅಂಟಿಕೊಂಡಿದ್ದವು. ಒಂದು ಕಪ್ಪು, ಒಂದು ಬೂದು, ಇನ್ನೊಂದಕ್ಕೆ ಕೆಂಪು ಗೆರೆ. ಮುಟ್ಟಿದರೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಡೆದವು.

"ಮೂರು ಜಾತಿ," ಎಂದೆ.

"ಬಣ್ಣ ನೋಡಿ ಜಾತಿ ಹೇಳಬ್ಯಾಡ. ಕಾದು ನೋಡು."

ಎಲೆ ಸಮೇತ ಅವನ್ನು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಹೊದಿಸಿ, ನನ್ನ ಮಾಂಜಾದಿಂದಲೇ ಕಟ್ಟಿದರು. ದಾರಕ್ಕೆ ಹಚ್ಚಿದ ಗಾಜಿನ ಪುಡಿ ಬೆರಳು ಕೊಯ್ದರೂ ಗಂಟು ಬಿಗಿದರು.

ಮಾಮಾ ಊರಿಗೆ ಹೋದ ಮೇಲೆ ಮೂರೂ ಗೂಡು ಕಟ್ಟಿಕೊಂಡವು. ಮೂರರಿಂದಲೂ ಹೊರಬಂದದ್ದು ಒಂದೇ ಬಗೆಯ ಕಂದು ಪತಂಗ. ಹಿಂದಿನ ರೆಕ್ಕೆ ಬಿಚ್ಚಿದರೆ ಕಪ್ಪಿನ ಮೇಲೆ ಬಿಳಿ ಪಟ್ಟೆ. ಸಂಜೆ ಅಂಗಳದಲ್ಲಿ ಬಾಟಲಿಯ ದಾರ ಬಿಚ್ಚಿ, "ಪತಂಗ!" ಎಂದು ಕೂಗಿದೆ.

ಓಣಿಯ ಮಕ್ಕಳೆಲ್ಲ ಆಕಾಶ ನೋಡಿದರು. ಅವ್ವನೂ ನೋಡಿದಳು.